ಮುಂದಿನ ಕಾಂಟ್ರ್ಯಾಕ್ಟ್ ಯಾವ ದೇಶದಲ್ಲಿ? ಭಾರತದ ಪಾಸ್‌ಪೋರ್ಟ್ ಇರುವ ಇಂಗ್ಲಿಷ್ ಟೀಚರುಗಳಿಗೆ

ಹೊರದೇಶದಲ್ಲಿ ಇಂಗ್ಲಿಷ್ ಕಲಿಸುವ ಬಗ್ಗೆ ಅಂತರ್ಜಾಲದಲ್ಲಿ ಸಿಗುವ ಸಲಹೆಗಳಲ್ಲಿ ಮುಕ್ಕಾಲು ಪಾಲು ಅಮೆರಿಕ, ಬ್ರಿಟನ್ ಪಾಸ್‌ಪೋರ್ಟಿನವರು ತಮ್ಮಂಥವರಿಗೆ ಬರೆದದ್ದು. ಕೊರಿಯಾದಲ್ಲಿ ಮನೆ ಫ್ರೀ, ವಿಯೆಟ್ನಾಮಿನಲ್ಲಿ ದುಡ್ಡು ಉಳಿಯುತ್ತದೆ, ಥಾಯ್ಲೆಂಡಿನಲ್ಲಿ ಸಮುದ್ರ ಪಕ್ಕದಲ್ಲೇ ಇದೆ ಎಂಬ ಮಾತುಗಳನ್ನು ನಂಬಿ ನಾವು ಅರ್ಜಿ ಹಾಕಿದರೆ, ಎಷ್ಟೋ ಕಡೆಯಿಂದ ಉತ್ತರವೇ ಬರುವುದಿಲ್ಲ. ನಮ್ಮ ಇಂಗ್ಲಿಷ್ ಸರಿಯಿಲ್ಲ ಅಂತಲ್ಲ, ಅದನ್ನು ಅವರು ಕೇಳಿಸಿಕೊಂಡಿರುವುದೇ ಇಲ್ಲ. ವಿಡಿಯೊ ಇಂಟರ್‌ವ್ಯೂ ಸಿಕ್ಕರೂ ಮೊದಲ ಪ್ರಶ್ನೆ ಪಾಠದ್ದಲ್ಲ, ‘ನಿಮ್ಮ ಪಾಸ್‌ಪೋರ್ಟ್ ಯಾವುದು?’ ಅನ್ನುವುದೇ.

ಹಾಗಾಗಿ ಒಂದು ದೇಶದಲ್ಲಿ ಕಾಂಟ್ರ್ಯಾಕ್ಟ್ ಮುಗಿಸಿ ಇನ್ನೊಂದನ್ನು ಹುಡುಕುತ್ತಿರುವವರು ಕೇಳಿಕೊಳ್ಳಬೇಕಾದ ಪ್ರಶ್ನೆಗಳಿಗೆ ಒಂದು ಕ್ರಮ ಇದೆ. ಆ ದೇಶದ ಕಾನೂನು ನನ್ನನ್ನು ಈ ಕೆಲಸಕ್ಕೆ ಒಳಗೆ ಬಿಡುತ್ತದೆಯೆ? ಬಿಟ್ಟರೆ, ಬಾಡಿಗೆ, ತೆರಿಗೆ, ರಜೆ ತಿಂಗಳ ಕಡಿತ ಎಲ್ಲ ಕಳೆದು ಕೈಯಲ್ಲಿ ಎಷ್ಟು ಉಳಿಯುತ್ತದೆ? ಮನೆಯವರನ್ನು ಕರೆಸಿಕೊಳ್ಳಬಹುದೆ? ಅಲ್ಲಿಂದ ಮುಂದಕ್ಕೆ ದಾರಿ ಇದೆಯೆ, ಅಥವಾ ಅಲ್ಲಿಗೇ ನಿಲ್ಲುತ್ತದೆಯೆ? ಮೊದಲನೆಯದಕ್ಕೆ ‘ಇಲ್ಲ’ ಅಂತಾದರೆ ಉಳಿದದ್ದನ್ನು ಯೋಚಿಸಿ ನಿದ್ದೆ ಕೆಡಿಸಿಕೊಳ್ಳುವುದು ಬೇಡ.

ಮೊದಲೇ ಪಟ್ಟಿಯಿಂದ ತೆಗೆಯಬೇಕಾದವು

ದಕ್ಷಿಣ ಕೊರಿಯಾದ ಇಂಗ್ಲಿಷ್ ಟೀಚರ್ ವೀಸಾ ಇ-2. ಅದು ಅಮೆರಿಕ, ಕೆನಡಾ, ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ, ಈ ಏಳು ದೇಶದವರಿಗೆ. ಭಾರತಕ್ಕೂ ಒಂದು ಸಣ್ಣ ಕಿಂಡಿ ಇದೆ. 2010ರ ಜನವರಿಯಲ್ಲಿ ಜಾರಿಗೆ ಬಂದ ಭಾರತ–ಕೊರಿಯಾ ವ್ಯಾಪಾರ ಒಪ್ಪಂದದಡಿ, ಪದವಿಯ ಜೊತೆಗೆ ಇಂಗ್ಲಿಷ್ ಬೋಧನೆಯ ಅರ್ಹತೆಯೂ ಇರುವ ಭಾರತೀಯರು ಸರ್ಕಾರಿ ಶಾಲೆಗಳಲ್ಲಿ ಸಹಾಯಕ ಶಿಕ್ಷಕರಾಗಬಹುದು. ಕಾಗದದ ಮೇಲೆ ಚೆಂದವೇ. ಆದರೆ ಖಾಸಗಿ ಹಾಗ್ವಾನ್‌ಗಳು, ಅಂದರೆ ಅಲ್ಲಿನ ಟ್ಯೂಷನ್ ಸೆಂಟರುಗಳು, ಈ ಕಿಂಡಿಯೊಳಗೆ ಬರುವುದಿಲ್ಲ. ಕೆಲಸಗಳ ದೊಡ್ಡ ಪಾಲು ಇರುವುದೋ ಅಲ್ಲೇ. ಇದೊಂದನ್ನೇ ನಂಬಿ ಕೈಯಲ್ಲಿರುವ ಕೆಲಸ ಬಿಡಬೇಡಿ.

ಚೀನಾದ ನಿಯಮವೂ ಪಾಸ್‌ಪೋರ್ಟ್ ನೋಡಿಯೇ ನಡೆಯುತ್ತದೆ. ಇಂಗ್ಲಿಷ್ ಮಾತೃಭಾಷೆ ಎಂದು ಅವರು ಒಪ್ಪಿದ ದೇಶದವರಾಗಿರಬೇಕು, ಇಲ್ಲವೇ ಅಂಥ ದೇಶದ ವಿಶ್ವವಿದ್ಯಾಲಯದ ಡಿಗ್ರಿ ಇರಬೇಕು. ಲಂಡನ್ನಿನಲ್ಲೋ ಮೆಲ್ಬರ್ನಿನಲ್ಲೋ ಎಂ.ಎ. ಮಾಡಿದವರು ಪ್ರಯತ್ನಿಸಬಹುದು. ಆದರೆ 2021ರಲ್ಲಿ ಸರ್ಕಾರ ಶಾಲಾ ವಿಷಯಗಳ ಖಾಸಗಿ ಟ್ಯೂಷನ್ ಮೇಲೆ ಕಡಿವಾಣ ಹಾಕಿದ ಮೇಲೆ ಟ್ಯೂಷನ್ ಸೆಂಟರುಗಳ ಹಳೆಯ ಸುಗ್ಗಿ ಮುಗಿದಿದೆ. ಯಾವುದಾದರೂ ಕಂಪನಿ ‘ಮೊದಲು ಬಿಸಿನೆಸ್ ವೀಸಾದಲ್ಲಿ ಬನ್ನಿ, ಆಮೇಲೆ ಬದಲಿಸಿಕೊಡ್ತೇವೆ’ ಅಂದರೆ ಅಲ್ಲಿಗೇ ಮಾತು ಮುಗಿಸಿ. ಸಿಕ್ಕಿಬಿದ್ದರೆ ದಂಡ ಕಟ್ಟಿ ಗಡೀಪಾರಾಗುವವರು ನಾವು, ಅವರಲ್ಲ.

ಬ್ರಿಟನ್ ಕತೆ ಇನ್ನೂ ತಮಾಷೆಯದು. 2023ರ ಫೆಬ್ರುವರಿಯಿಂದ ಭಾರತದ ಶಿಕ್ಷಕರೂ ಇಂಗ್ಲೆಂಡಿನ ಕ್ಯುಟಿಎಸ್‌ಗೆ, ಅಂದರೆ ಅಲ್ಲಿನ ಶಿಕ್ಷಕರ ಮಾನ್ಯತೆಗೆ, ಅರ್ಜಿ ಹಾಕಬಹುದು. ಆದರೆ ಗಣಿತ, ವಿಜ್ಞಾನ, ಇಲ್ಲವೇ ಫ್ರೆಂಚ್, ಸ್ಪ್ಯಾನಿಶ್‌ನಂಥ ಭಾಷೆ ಕಲಿಸುವವರು ಮಾತ್ರ. ನಿಮ್ಮದೇ ಸ್ಟಾಫ್ ರೂಮಿನ ಫಿಸಿಕ್ಸ್ ಮೇಡಂ ಹೋಗಬಹುದು, ಷೇಕ್ಸ್‌ಪಿಯರ್ ಪಾಠ ಮಾಡುವ ನೀವು ಹೋಗುವಂತಿಲ್ಲ.

ಇಷ್ಟು ತೆಗೆದ ಮೇಲೆ ಉಳಿಯುವವು ವಿಯೆಟ್ನಾಂ, ಥಾಯ್ಲೆಂಡ್, ಗಲ್ಫ್, ಜಪಾನ್. ಪಕ್ಕದ ಮಾಲ್ಡೀವ್ಸ್, ಭೂತಾನ್ ಕೂಡ ಇವೆ.

ವಿಯೆಟ್ನಾಂ: ಬೇಡಿಕೆ ಇದೆ, ತಾರತಮ್ಯವೂ ಇದೆ

ಸದ್ಯಕ್ಕೆ ಏಷ್ಯಾದಲ್ಲಿ ಇಂಗ್ಲಿಷ್ ಹಸಿವು ಹೆಚ್ಚಿರುವ ದೇಶಗಳಲ್ಲಿ ಇದೊಂದು. ಶಾಲೆಗಳಲ್ಲಿ ಇಂಗ್ಲಿಷನ್ನು ಹಂತಹಂತವಾಗಿ ಎರಡನೇ ಭಾಷೆಯಾಗಿಸಬೇಕೆಂದು ಅಲ್ಲಿನ ಕಮ್ಯುನಿಸ್ಟ್ ಪಕ್ಷವೇ 2024ರಲ್ಲಿ ತೀರ್ಮಾನಿಸಿದೆ. ಹನೋಯ್, ಹೋ ಚಿ ಮಿನ್ ನಗರಗಳಲ್ಲಿ ಬೀದಿಗೊಂದು ಇಂಗ್ಲಿಷ್ ಸೆಂಟರ್. ಮಕ್ಕಳು ಹಗಲು ಶಾಲೆಯಲ್ಲಿರುವುದರಿಂದ ಸೆಂಟರಿನ ಕೆಲಸ ಸಂಜೆ ಐದೂವರೆಗೆ ಶುರುವಾಗಿ ಒಂಬತ್ತಕ್ಕೆ ಮುಗಿಯುತ್ತದೆ. ಶನಿವಾರ, ಭಾನುವಾರ ಬೆಳಗಿನಿಂದ ರಾತ್ರಿಯವರೆಗೆ. ವಾರದ ನಡುವೆ ಹಗಲೆಲ್ಲ ಬಿಡುವು, ವಾರಾಂತ್ಯದಲ್ಲಿ ಉಸಿರಾಡಲು ಪುರುಸೊತ್ತಿಲ್ಲ. ಒಬ್ಬಂಟಿಯಾಗಿದ್ದರೆ ಈ ವೇಳಾಪಟ್ಟಿ ಒಗ್ಗುತ್ತದೆ. ಶಾಲೆಗೆ ಹೋಗುವ ಮಗು ಇದ್ದರೆ ಅದರ ಮುಖ ನೋಡುವುದೇ ಕಷ್ಟ.

ವರ್ಕ್ ಪರ್ಮಿಟ್‌ಗೆ ಡಿಗ್ರಿ, ಬೋಧನೆಯ ಸರ್ಟಿಫಿಕೇಟ್, ಪೊಲೀಸ್ ಕ್ಲಿಯರೆನ್ಸ್, ವೈದ್ಯಕೀಯ ತಪಾಸಣೆ ಬೇಕು. ‘ನೇಟಿವ್’ ಅಲ್ಲದವರಿಂದ, ಅಂದರೆ ಇಂಗ್ಲಿಷ್ ಮಾತೃಭಾಷೆಯ ದೇಶದವರಲ್ಲದವರಿಂದ, ಸಿ1 ಎಂಬ ಮೇಲ್ಮಟ್ಟದ ಭಾಷಾ ಪ್ರಮಾಣಪತ್ರವನ್ನೂ ಕೇಳುತ್ತಾರೆ, ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯಲ್ಲಿ 7 ಇದ್ದರೆ ಸಾಕಾಗುತ್ತದೆ. ಇಂಗ್ಲಿಷ್ ಎಂ.ಎ. ಮಾಡಿದವರಿಗೆ ಐಇಎಲ್‌ಟಿಎಸ್ ಬರೆಯುವುದೆಂದರೆ ಮೈಯೆಲ್ಲ ಉರಿಯುತ್ತದೆ. ಬರೆದುಬಿಡಿ, ವಾದ ಮಾಡಿ ಗೆದ್ದವರಿಲ್ಲ.

ಇನ್ನು ದುಡ್ಡು. ಬಿಳಿ ಮುಖಕ್ಕೆ ಗಂಟೆಗೆ 20 ಡಾಲರ್ ಕೊಡುವ ಸೆಂಟರ್ ನಮಗೂ ಫಿಲಿಪೀನ್ಸಿನವರಿಗೂ 12ರಿಂದ 15 ಅನ್ನುತ್ತದೆ. ಇದು ಗುಟ್ಟೇನಲ್ಲ, ಜಾಹೀರಾತಿನಲ್ಲೇ ಎರಡು ಸಾಲು ಬೇರೆ ಬೇರೆ ಇರುತ್ತವೆ. ವಾರಕ್ಕೆ 20 ಗಂಟೆ, ಗಂಟೆಗೆ 14 ಡಾಲರ್ ಅಂದುಕೊಳ್ಳಿ, ತಿಂಗಳಿಗೆ 1,120 ಆಯಿತು. ಸಣ್ಣ ಅಪಾರ್ಟ್‌ಮೆಂಟಿಗೆ 300 ಹೋದರೂ, ಊಟ ತಿಂಡಿ ಅಗ್ಗವಾದ್ದರಿಂದ ಒಳ್ಳೆಯ ಮೊತ್ತವೇ ಉಳಿಯಬೇಕು. ಆದರೆ ಲೆಕ್ಕ ತಪ್ಪುವ ಜಾಗ ಮೂರಿವೆ.

ಒಂದು, ಟೆಟ್ ಹಬ್ಬ. ಜನವರಿ ಕೊನೆಗೋ ಫೆಬ್ರುವರಿಯಲ್ಲೋ ಬರುವ ಅವರ ಹೊಸ ವರ್ಷಕ್ಕೆ ಸೆಂಟರುಗಳು ಬಾಗಿಲು ಹಾಕುತ್ತವೆ. ಗಂಟೆ ಲೆಕ್ಕದ ಟೀಚರಿಗೆ ಆ ದಿನಗಳ ದುಡ್ಡಿಲ್ಲ. ಎರಡು, ತೆರಿಗೆ. ವರ್ಷದಲ್ಲಿ 183 ದಿನ ಅಲ್ಲಿದ್ದರೆ 5ರಿಂದ 35 ಶೇಕಡಾದವರೆಗಿನ ಹಂತದ ತೆರಿಗೆ, ಕಡಿಮೆ ದಿನ ಇದ್ದರೆ ನೇರವಾಗಿ ಶೇ. 20. ನಡುವೆ ಕೆಲಸ ಬಿಟ್ಟು ಬರುವವರಿಗೆ ಇದು ಗೊತ್ತಾಗುವುದೇ ಕೊನೆಯ ಸಂಬಳ ಕೈಗೆ ಬಂದಾಗ. ಮೂರು, ‘ಗಂಟೆ’ ಅಂದರೆ ಎಷ್ಟು ನಿಮಿಷ ಅನ್ನುವುದು. ಒಂದೂವರೆ ಗಂಟೆಯ ಕ್ಲಾಸಿಗೆ ಕೆಲವರು ಒಂದೂವರೆ ಗಂಟೆಯ ದುಡ್ಡು ಕೊಡುತ್ತಾರೆ, ಕೆಲವರು ನಡುವಿನ ಹತ್ತು ನಿಮಿಷದ ಬ್ರೇಕ್ ಕಳೆಯುತ್ತಾರೆ. ಪಾಠದ ತಯಾರಿ, ಪೋಷಕರಿಗೆ ಬರೆಯುವ ರಿಪೋರ್ಟ್, ಡೆಮೊ ಕ್ಲಾಸು ಯಾವುದಕ್ಕೂ ಲೆಕ್ಕವಿಲ್ಲದ ಕಾಂಟ್ರ್ಯಾಕ್ಟುಗಳೇ ಜಾಸ್ತಿ. ಸಹಿ ಮಾಡುವ ಮೊದಲು ಇದನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ.

ಬೈಕಿನ ವಿಷಯ ಹೇಳಲೇಬೇಕು. ಅಲ್ಲಿ ಬೈಕಿಲ್ಲದೆ ಬದುಕಿಲ್ಲ. ಎಲ್ಲರೂ ಓಡಿಸುತ್ತಾರೆಂದು ನಾವೂ ಹತ್ತಿಬಿಡುತ್ತೇವೆ. ಆದರೆ ವಿಯೆಟ್ನಾಂ ಒಪ್ಪುವುದು 1968ರ ವಿಯೆನ್ನಾ ಒಪ್ಪಂದದ ಅಂತರರಾಷ್ಟ್ರೀಯ ಲೈಸೆನ್ಸನ್ನು. ನಮ್ಮ ಆರ್‌ಟಿಒ ಕೊಡುವುದು 1949ರ ಒಪ್ಪಂದದ್ದು. ಅಂದರೆ ಊರಿಂದ ತಂದ ಆ ಬೂದು ಪುಸ್ತಕಕ್ಕೆ ಅಲ್ಲಿ ಬೆಲೆಯಿಲ್ಲ. ಅಪಘಾತವಾದರೆ ಇನ್ಶೂರೆನ್ಸ್ ಕಂಪನಿ ಮೊದಲು ಕೇಳುವುದೇ ಲೈಸೆನ್ಸು. ವರ್ಕ್ ಪರ್ಮಿಟ್, ರೆಸಿಡೆನ್ಸ್ ಕಾರ್ಡ್ ಕೈಗೆ ಬಂದ ಮೇಲೆ ಸ್ಥಳೀಯ ಲೈಸೆನ್ಸ್ ಮಾಡಿಸಿಕೊಳ್ಳಿ, ಅಲ್ಲಿಯವರೆಗೆ ಗ್ರ್ಯಾಬ್ ಎಂಬ ಆ್ಯಪ್ ಟ್ಯಾಕ್ಸಿಯಲ್ಲಿ ಓಡಾಡಿ.

ಊಟ ನಮ್ಮವರು ಹೆದರುವಷ್ಟು ಕಷ್ಟವಲ್ಲ. ಮೀನಿನ ಸಾಸ್ ಎಲ್ಲದರಲ್ಲೂ ಇರುತ್ತದೆ, ನಿಜ. ಆದರೆ ಬೌದ್ಧರು ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನ, ಅಂದರೆ ಹೆಚ್ಚುಕಡಿಮೆ ನಮ್ಮ ಅಮಾವಾಸ್ಯೆ, ಹುಣ್ಣಿಮೆಗೆ, ಮಾಂಸ ಬಿಡುವ ವಾಡಿಕೆಯಿದೆ. ಅದಕ್ಕೆಂದೇ ‘ಚಾಯ್’ ಎಂದು ಬೋರ್ಡು ಹಾಕಿದ ಸಸ್ಯಾಹಾರಿ ಹೋಟೆಲುಗಳಿವೆ. ಒಂದು ತಟ್ಟೆ ಅನ್ನ, ಮೂರು ಬಗೆಯ ತೋಫು, ಹುರಿದ ಸೊಪ್ಪು, ಒಂದು ಬಟ್ಟಲು ತಿಳಿಸಾರು. ಖಾರ ಮಾತ್ರ ನೀವೇ ಹಾಕಿಕೊಳ್ಳಬೇಕು.

ಥಾಯ್ಲೆಂಡ್: ಇರುವುದಕ್ಕೆ ಸುಖ, ಉಳಿಸುವುದಕ್ಕಲ್ಲ

ಇಲ್ಲಿ ಕೆಲಸದ ಸ್ವರೂಪ ನಮಗೆ ಪರಿಚಿತ. ಬೆಳಿಗ್ಗೆ ಎಂಟಕ್ಕೆ ಧ್ವಜವಂದನೆ, ಯೂನಿಫಾರ್ಮು, ದೊಡ್ಡ ಕ್ಲಾಸು, ಟೀಚರಿಗೆ ಕೈಮುಗಿಯುವ ಮಕ್ಕಳು. ಮೇ ನಡುವಿನಿಂದ ಶುರುವಾಗುವ ಶಾಲಾ ವರ್ಷ ಮಾರ್ಚಿಗೆ ಮುಗಿಯುತ್ತದೆ. ‘ಇಂಗ್ಲಿಷ್ ಪ್ರೋಗ್ರಾಂ’ ಇರುವ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಗಣಿತ, ವಿಜ್ಞಾನ ಕಲಿಸುವವರೂ ಬೇಕಾಗುತ್ತಾರೆ.

ನಾನ್-ಇಮಿಗ್ರಂಟ್ ಬಿ ವೀಸಾ, ವರ್ಕ್ ಪರ್ಮಿಟ್, ಜೊತೆಗೆ ಅಲ್ಲಿನ ಶಿಕ್ಷಕರ ಮಂಡಳಿಯಾದ ಖುರುಸಪಾದ ಲೈಸೆನ್ಸ್ ಬೇಕು. ಬಿ.ಎಡ್. ಇಲ್ಲದವರು ಎರಡು ವರ್ಷದ ತಾತ್ಕಾಲಿಕ ಅನುಮತಿಯಲ್ಲಿ ಕಾಲ ತಳ್ಳುತ್ತಾರೆ. ಅದನ್ನು ಎಷ್ಟು ಸಲ ಮುಂದುವರಿಸುತ್ತಾರೆ ಎಂಬುದು ಆಗಾಗ ಬದಲಾಗುವ ನಿಯಮಕ್ಕೆ ಬಿಟ್ಟದ್ದು. ಬಿ.ಎಡ್. ಇದ್ದರೆ ದಾರಿ ಸಲೀಸು. ನೇಟಿವ್ ಅಲ್ಲದವರಿಂದ ಟೋಯಿಕ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ 600ರಷ್ಟು ಅಂಕ ಕೇಳುವುದು ವಾಡಿಕೆ. 90 ದಿನಕ್ಕೊಮ್ಮೆ ‘ನಾನು ಇಲ್ಲೇ ಇದ್ದೇನೆ’ ಎಂದು ಇಮಿಗ್ರೇಶನ್ ಕಚೇರಿಗೆ ವರದಿ ಕೊಡಬೇಕು, ಈಗ ಆನ್‌ಲೈನಿನಲ್ಲೂ ಆಗುತ್ತದೆ. ಭಾರತೀಯರು ಪ್ರವಾಸಕ್ಕೆ ವೀಸಾ ಇಲ್ಲದೆ ಹೋಗುವ ಸೌಲಭ್ಯ ಬಂದ ಮೇಲೆ, ‘ಟೂರಿಸ್ಟಾಗಿ ಬಂದು ಕ್ಲಾಸು ಶುರುಮಾಡಿ’ ಅನ್ನುವ ಏಜೆಂಟರೂ ಹೆಚ್ಚಿದ್ದಾರೆ. ಅದು ಅಲ್ಲಿ ಅಪರಾಧ.

ಸಂಬಳ? ಪಾಶ್ಚಾತ್ಯರಿಗೆ 35,000 ಬಾತ್ ಆಸುಪಾಸಿದ್ದರೆ ಭಾರತೀಯರಿಗೆ, ಫಿಲಿಪಿನೊಗಳಿಗೆ 18ರಿಂದ 25 ಸಾವಿರ. ಏಜೆನ್ಸಿ ಮೂಲಕ ಸೇರಿದರೆ ಹತ್ತೋ ಹನ್ನೊಂದೋ ತಿಂಗಳ ಕಾಂಟ್ರ್ಯಾಕ್ಟ್, ಬೇಸಿಗೆ ರಜೆಗೆ ಸಂಬಳವಿಲ್ಲ. ಹಾಗಾಗಿ 22,000 ಬಾತ್ ಅಂತ ಹೇಳಿದ್ದನ್ನು ಹತ್ತರಿಂದ ಗುಣಿಸಿ ಹನ್ನೆರಡರಿಂದ ಭಾಗಿಸಿ ನೋಡಿ, ತಿಂಗಳಿಗೆ 18,300 ಆಯಿತು. ಬ್ಯಾಂಕಾಕಿನಲ್ಲಿ ಅಷ್ಟರಲ್ಲಿ ಜೀವನ ಸಾಗುತ್ತದೆ, ಮನೆಗೆ ಕಳಿಸುವುದು ಸಾಗುವುದಿಲ್ಲ. ಈಶಾನ್ಯದ ಈಸಾನ್ ಕಡೆಯ ಊರುಗಳಲ್ಲಿ, ಖೋನ್ ಕೇನ್, ಉದೋನ್ ಥಾನಿಯಂಥ ಕಡೆ, ಬಾಡಿಗೆ ಕಮ್ಮಿಯಾದ್ದರಿಂದ ಅಷ್ಟೇ ಸಂಬಳ ಹಿತವಾಗಿರುತ್ತದೆ.

ನನ್ನ ಅಭಿಪ್ರಾಯ ನೇರವಾಗಿ ಹೇಳುವುದಾದರೆ: ಊರಲ್ಲಿ ಸಾಲ, ತಂಗಿ ಮದುವೆ, ಕಟ್ಟುತ್ತಿರುವ ಮನೆ ಇವುಗಳಲ್ಲಿ ಯಾವುದಾದರೂ ತಲೆ ಮೇಲಿದ್ದರೆ ಥಾಯ್ಲೆಂಡ್ ಬೇಡ. ಏನೂ ಇಲ್ಲ, ಎರಡು ವರ್ಷ ನೆಮ್ಮದಿಯಾಗಿ ಪಾಠ ಮಾಡಿಕೊಂಡಿರಬೇಕು ಅಂದರೆ ಇದಕ್ಕಿಂತ ಒಳ್ಳೆಯ ಜಾಗ ಈ ಪಟ್ಟಿಯಲ್ಲಿಲ್ಲ.

ಗಲ್ಫ್: ನಮ್ಮದೇ ಸಿಲಬಸ್, ನಮ್ಮದೇ ನೋಟ್ಸ್ ಕರೆಕ್ಷನ್

ಗಲ್ಫಿಗೆ ಹೋದ ಇಂಗ್ಲಿಷ್ ಟೀಚರ್ ಅಂದರೆ ನೂರಕ್ಕೆ ತೊಂಬತ್ತು ಸಲ ಸಿಬಿಎಸ್‌ಇ ಶಾಲೆಯ ಟೀಚರೇ. ಮಸ್ಕತ್ತಿನ ಇಂಡಿಯನ್ ಸ್ಕೂಲ್ ಶುರುವಾಗಿದ್ದು 1975ರಲ್ಲಿ. ಆಮೇಲೆ ಒಮಾನಿನ ಊರೂರಿಗೂ ಭಾರತೀಯ ಶಾಲೆಗಳು ಹಬ್ಬಿವೆ. ಯುಎಇ, ಸೌದಿ, ಕತಾರ್, ಕುವೈತ್, ಬಹ್ರೇನ್ ಎಲ್ಲ ಕಡೆಯೂ ಇವೆ. ಏಪ್ರಿಲಿಗೆ ಹೊಸ ವರ್ಷ, ಜುಲೈ–ಆಗಸ್ಟ್ ರಜೆ, ಯೂನಿಟ್ ಟೆಸ್ಟು, ಆನ್ಯುವಲ್ ಡೇ. ಹೊರದೇಶಕ್ಕೆ ಹೋದ ಹಾಗೇ ಅನಿಸುವುದಿಲ್ಲ, ಅದೇ ಅನುಕೂಲ, ಅದೇ ಬೇಸರ.

ಇಲ್ಲಿ ಪಾಸ್‌ಪೋರ್ಟ್ ಅಡ್ಡಿಯಲ್ಲ, ಬಿ.ಎಡ್. ಇಲ್ಲದಿದ್ದರೆ ಅಡ್ಡಿ. ದುಬೈಯ ಖಾಸಗಿ ಶಾಲೆಗಳನ್ನು ಕೆಎಚ್‌ಡಿಎ, ಅಬುಧಾಬಿಯವನ್ನು ಅಡೆಕ್ ಎಂಬ ಸರ್ಕಾರಿ ಸಂಸ್ಥೆಗಳು ನೋಡಿಕೊಳ್ಳುತ್ತವೆ. ಅವರ ಒಪ್ಪಿಗೆ ಇಲ್ಲದೆ ಕ್ಲಾಸಿಗೆ ಕಾಲಿಡುವಂತಿಲ್ಲ.

ಇನ್ನೊಂದು ಬಗೆಯ ಶಾಲೆಗಳಿವೆ: ಬ್ರಿಟಿಷ್, ಅಮೆರಿಕನ್, ಐಬಿ ಪಠ್ಯಕ್ರಮದವು. ಮನೆ, ವರ್ಷಕ್ಕೊಮ್ಮೆ ಟಿಕೆಟ್, ಮಕ್ಕಳ ಫೀಸು ಎಲ್ಲ ಕೊಡುವುದು ಅವು. ಭಾರತೀಯ ಶಾಲೆಗಳಲ್ಲಿ ಮನೆ ಕೊಡುವುದು ಅಪರೂಪ. ಗಂಡನ ವೀಸಾದಲ್ಲಿ ಈಗಾಗಲೇ ಅಲ್ಲೇ ಇರುವ ಮಹಿಳೆಯರನ್ನು ಆರಿಸಿಕೊಂಡರೆ ಮನೆಯ ಖರ್ಚು ಶಾಲೆಗಿಲ್ಲ ಎಂಬ ಲೆಕ್ಕದ ಮೇಲೆಯೇ ಸಂಬಳ ನಿಂತಿದೆ. ದುಬೈಯಲ್ಲಿ 4,000 ದಿರ್ಹಮ್ ಅಂದಾಗ ಊರಲ್ಲಿ ಅತ್ತೆ-ಮಾವನಿಗೆ 90 ಸಾವಿರ ರೂಪಾಯಿ ದಾಟಿದಂತೆ ಕೇಳುತ್ತದೆ. ಒಂಟಿಯಾಗಿ ಒಂದು ಸ್ಟುಡಿಯೊ ಹಿಡಿದರೆ ಅದರ ಬಹುಪಾಲು ಬಾಡಿಗೆಗೇ ಸರಿ. ಬಾಡಿಗೆಯನ್ನೂ ತಿಂಗಳ ಲೆಕ್ಕದಲ್ಲಲ್ಲ, ವರ್ಷಕ್ಕೆ ಎರಡೋ ನಾಲ್ಕೋ ಚೆಕ್ಕಿನಲ್ಲಿ ಕೇಳುತ್ತಾರೆ. ಶಾರ್ಜಾದಲ್ಲಿ ಶೇರಿಂಗ್ ರೂಮಿನಲ್ಲಿದ್ದು ಬೆಳಿಗ್ಗೆ ಐದಕ್ಕೆ ಎದ್ದು ದುಬೈ ಟ್ರಾಫಿಕ್ಕಿನಲ್ಲಿ ಕೂರುವ ಟೀಚರುಗಳು ಸಾವಿರಾರು.

ಆದರೂ ಗಲ್ಫ್ ಗೆಲ್ಲುವುದು ಎರಡು ಕಾರಣಕ್ಕೆ. ಸಂಬಳಕ್ಕೆ ತೆರಿಗೆ ಇಲ್ಲ. ಒಮಾನ್ 2028ರಿಂದ ಆದಾಯ ತೆರಿಗೆ ತರುತ್ತಿದೆ, ಅದೂ ವರ್ಷಕ್ಕೆ 42,000 ರಿಯಾಲ್ ದಾಟಿದವರಿಗೆ. ಯಾವ ಇಂಡಿಯನ್ ಸ್ಕೂಲಿನ ಟೀಚರೂ ಆ ಚಿಂತೆ ಮಾಡಬೇಕಾಗಿಲ್ಲ. ಎರಡನೆಯದು, ಕೆಲಸ ಬಿಡುವಾಗ ಕೈಗೆ ಬರುವ ಗ್ರಾಚುಯಿಟಿ. ಯುಎಇಯಲ್ಲಿ ವರ್ಷ ಪೂರೈಸಿದ ಮೇಲೆ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದ ಮೂಲ ವೇತನ, ಆಮೇಲೆ ವರ್ಷಕ್ಕೆ 30 ದಿನದ್ದು.

ಈ ‘ಮೂಲ ವೇತನ’ವನ್ನು ಕನ್ನಡಕ ಹಾಕಿಕೊಂಡು ನೋಡಬೇಕು. ಒಟ್ಟು 4,000 ದಿರ್ಹಮ್‌ನಲ್ಲಿ ಬೇಸಿಕ್ 3,000 ಇದ್ದರೆ ವರ್ಷಕ್ಕೆ 2,100 ದಿರ್ಹಮ್ ಗ್ರಾಚುಯಿಟಿ. ಅದೇ 4,000ವನ್ನು ಬೇಸಿಕ್ 1,800, ಉಳಿದದ್ದು ಅಲವೆನ್ಸ್ ಎಂದು ಒಡೆದಿದ್ದರೆ 1,260. ತಿಂಗಳು ತಿಂಗಳು ವ್ಯತ್ಯಾಸ ಕಾಣುವುದಿಲ್ಲ. ನಾಲ್ಕೈದು ವರ್ಷದ ಮೇಲೆ ಲೆಕ್ಕ ಚುಕ್ತಾ ಮಾಡುವಾಗ ಕಾಣುತ್ತದೆ.

ಕುಟುಂಬದ ವಿಷಯದಲ್ಲೂ ನಿಯಮ ಸ್ಪಷ್ಟ. ಯುಎಇಯಲ್ಲಿ 4,000 ದಿರ್ಹಮ್, ಇಲ್ಲವೇ 3,000 ಮತ್ತು ಮನೆ ಇದ್ದರೆ ಮನೆಯವರನ್ನು ಸ್ಪಾನ್ಸರ್ ಮಾಡಬಹುದು. ಹೆಂಗಸರು ಗಂಡನನ್ನು ಕರೆಸಿಕೊಳ್ಳುವುದಕ್ಕೂ ಅದೇ ಲೆಕ್ಕ. ಮಂಗಳೂರಿನಿಂದ ನೇರ ವಿಮಾನ ಇರುವುದು ಕರಾವಳಿಯವರಿಗೆ ದೊಡ್ಡ ಧೈರ್ಯ, ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲ ಅಂದರೆ ರಾತ್ರಿಯೊಳಗೆ ಊರು ಮುಟ್ಟಬಹುದು. ಜುಲೈಯಲ್ಲಿ ಟಿಕೆಟ್ ದರ ನೋಡಿದರೆ ಮಾತ್ರ ಆ ಧೈರ್ಯ ಸ್ವಲ್ಪ ಇಳಿಯುತ್ತದೆ.

ದುಬೈ ಮತ್ತು ಮಸ್ಕತ್ ನಡುವೆ ಆರಿಸುವುದಾದರೆ ನಾನು ಮಸ್ಕತ್ ಅನ್ನುತ್ತೇನೆ. ಬಾಡಿಗೆ ಕಡಿಮೆ, ಊರು ನಿಧಾನ, ಜನ ಸೌಮ್ಯ. 2021ರ ಜನವರಿಯಿಂದ ಹಳೆಯ ಮಾಲೀಕರ ಎನ್‌ಒಸಿ ಇಲ್ಲದೆಯೂ ಕಾಂಟ್ರ್ಯಾಕ್ಟ್ ಮುಗಿಸಿ ಬೇರೆ ಕೆಲಸಕ್ಕೆ ಸೇರಬಹುದು. ಅದಕ್ಕೆ ಮುಂಚೆ ಈ ಒಂದು ಕಾಗದಕ್ಕಾಗಿ ಅತ್ತವರ ಕತೆ ಅಲ್ಲಿನ ಪ್ರತಿ ಸ್ಟಾಫ್ ರೂಮಿನಲ್ಲೂ ಸಿಗುತ್ತದೆ.

ಜಪಾನ್: ಹನ್ನೆರಡು ವರ್ಷದ ಲೆಕ್ಕ

ಜಪಾನಿಗೆ ದಾರಿ ಮೂರು. ವಿದೇಶಿ ಸಹಾಯಕ ಟೀಚರುಗಳನ್ನು ಶಾಲೆಗಳಿಗೆ ಕರೆಸುವ ಸರ್ಕಾರದ ಜೆಟ್ ಕಾರ್ಯಕ್ರಮ, ಶಾಲೆಗಳಿಗೆ ಸಹಾಯಕ ಟೀಚರುಗಳನ್ನು ಕಳಿಸುವ ಖಾಸಗಿ ಕಂಪನಿಗಳು, ಮತ್ತು ಐಕಾಯ್ವಾ ಎಂಬ ಸಂಭಾಷಣೆ ಶಾಲೆಗಳು.

ಜೆಟ್ ಶುರುವಾದದ್ದು 1987ರಲ್ಲಿ. 2025ರ ಏಪ್ರಿಲಿನಿಂದ ಮೊದಲ ವರ್ಷದ ಸಂಬಳವನ್ನು 33.6 ಲಕ್ಷ ಯೆನ್‌ನಿಂದ 40.2 ಲಕ್ಷಕ್ಕೆ ಏರಿಸಿದ್ದಾರೆ. ಹೋಗುವ ಟಿಕೆಟ್ ಅವರದು, ಮನೆ ಹುಡುಕಲೂ ನೆರವಾಗುತ್ತಾರೆ, ಹೆಚ್ಚೆಂದರೆ ಐದು ವರ್ಷ ಇರಬಹುದು. ಭಾರತದಿಂದ ಆಯ್ಕೆಯಾಗುವವರು ಬಹಳ ಕಡಿಮೆ. ಆದರೂ ಅರ್ಜಿ ಹಾಕುವುದರಲ್ಲಿ ಕಳೆದುಕೊಳ್ಳುವುದೇನೂ ಇಲ್ಲ. ಖಾಸಗಿ ಕಂಪನಿಗಳಲ್ಲಿ ತಿಂಗಳಿಗೆ 2.3ರಿಂದ 2.5 ಲಕ್ಷ ಯೆನ್ ಇರುತ್ತದೆ. ಆಗಸ್ಟ್, ಡಿಸೆಂಬರ್ ರಜೆಯ ತಿಂಗಳುಗಳಲ್ಲಿ ಅದನ್ನೂ ಕತ್ತರಿಸುವವರಿದ್ದಾರೆ.

ಕನ್ನಡ ಮಾಧ್ಯಮದವರು ಇಲ್ಲಿ ಒಂದು ನಿಯಮವನ್ನು ಗಮನಿಸಬೇಕು. ಶಾಲೆಗಳಲ್ಲಿ ಸಹಾಯಕರಾಗಿ ಭಾಷೆ ಕಲಿಸುವವರಿಗೆ ಕೊಡುವ ‘ಇನ್‌ಸ್ಟ್ರಕ್ಟರ್’ ವೀಸಾಕ್ಕೆ, ಯಾವ ಭಾಷೆ ಕಲಿಸುತ್ತೀರೋ ಆ ಭಾಷೆಯ ಮಾಧ್ಯಮದಲ್ಲಿ ಕನಿಷ್ಠ 12 ವರ್ಷ ಓದಿರಬೇಕು. ಕಾನ್ವೆಂಟಿನಲ್ಲಿ ಓದಿದವರಿಗೆ ಚಿಂತೆಯಿಲ್ಲ, ಶಾಲೆ ಶಾಲೆ ಅಲೆದು ‘ಮೀಡಿಯಂ ಆಫ್ ಇನ್‌ಸ್ಟ್ರಕ್ಷನ್’ ಪತ್ರ ತಂದರಾಯಿತು. ಏಳನೇ ತರಗತಿಯವರೆಗೆ ಕನ್ನಡ, ಎಂಟರಿಂದ ಇಂಗ್ಲಿಷ್ ಮಾಧ್ಯಮ ಅಂದರೆ: ಹೈಸ್ಕೂಲು ಮೂರು, ಪಿಯುಸಿ ಎರಡು, ಡಿಗ್ರಿ ಮೂರು, ಎಂ.ಎ. ಎರಡು, ಬಿ.ಎಡ್. ಎರಡು. ಸರಿಯಾಗಿ ಹನ್ನೆರಡು. ಹಳೆಯ ಒಂದು ವರ್ಷದ ಬಿ.ಎಡ್. ಮಾಡಿದವರಿಗೆ ಹನ್ನೊಂದಕ್ಕೆ ನಿಲ್ಲುತ್ತದೆ. ಎಸ್‌ಎಸ್‌ಎಲ್‌ಸಿವರೆಗೂ ಕನ್ನಡದಲ್ಲೇ ಓದಿದವರು ಎಷ್ಟೇ ಚೆನ್ನಾಗಿ ಇಂಗ್ಲಿಷ್ ಕಲಿಸಲಿ, ಈ ದಾರಿ ಹೆಚ್ಚುಕಡಿಮೆ ಮುಚ್ಚಿದಂತೆ. ಅಂಥವರು ಐಕಾಯ್ವಾ ನೋಡಬೇಕು. ಅದರ ವೀಸಾ ಬೇರೆ, ಭಾಷೆ ಕಲಿಸುವ ಕೆಲಸವಾದರೆ ಅದಕ್ಕೆ ಡಿಗ್ರಿ ಮುಖ್ಯ. ಇಲ್ಲವೇ ಟೋಕಿಯೊದ ಭಾರತೀಯ ಶಾಲೆಗಳನ್ನು ವಿಚಾರಿಸಬೇಕು. 2004 ಮತ್ತು 2006ರಲ್ಲಿ ಶುರುವಾದ ಎರಡು ಶಾಲೆಗಳು ಅಲ್ಲಿವೆ. ನಿಶಿಕಸಾಯ್ ಸುತ್ತ ನೆಲೆಸಿರುವ ನಮ್ಮ ಐಟಿಯವರ ಮಕ್ಕಳು ಓದುವುದು ಇಂಥಲ್ಲೇ.

ಜಪಾನಿನ ಖರ್ಚು ಮೊದಲ ತಿಂಗಳು ಬೆಚ್ಚಿಬೀಳಿಸುತ್ತದೆ. ಬಾಡಿಗೆ ಮನೆಗೆ ಡೆಪಾಸಿಟ್ ಬೇರೆ, ಮಾಲೀಕರಿಗೆ ವಾಪಸು ಬಾರದ ‘ರೇಯ್ಕಿನ್’ ಬೇರೆ, ಜಾಮೀನು ಕಂಪನಿಯ ಫೀಸು ಬೇರೆ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕೊನೆಗಾದರೂ ಕೈಗೆ ಬರುತ್ತದೆ, ರೇಯ್ಕಿನ್ ಬರುವುದಿಲ್ಲ. ಎರಡನೇ ವರ್ಷ ಇನ್ನೊಂದು ಪೆಟ್ಟು: ಸ್ಥಳೀಯ ನಿವಾಸಿ ತೆರಿಗೆ ಹಿಂದಿನ ವರ್ಷದ ಆದಾಯದ ಮೇಲೆ ಬೀಳುವುದರಿಂದ ಮೊದಲ ವರ್ಷ ಕಾಣುವುದಿಲ್ಲ, ಎರಡನೇ ವರ್ಷದ ಜೂನ್‌ನಿಂದ ಸಂಬಳ ಇದ್ದಕ್ಕಿದ್ದಂತೆ ಇಳಿಯುತ್ತದೆ. ಪಿಂಚಣಿಗೆ ಕಟ್ಟಿದ್ದರಲ್ಲಿ ಒಂದಷ್ಟನ್ನು ದೇಶ ಬಿಟ್ಟ ಮೇಲೆ ಅರ್ಜಿ ಹಾಕಿ ವಾಪಸು ಪಡೆಯಬಹುದು. ಇದನ್ನು ಮರೆತು ಬರುವವರು ಬಹಳ ಮಂದಿ.

ಸಸ್ಯಾಹಾರಿಗಳಿಗೆ ಈ ಪಟ್ಟಿಯಲ್ಲೇ ಕಷ್ಟದ ದೇಶ ಇದು. ಮೀನು ಕಣ್ಣಿಗೆ ಕಾಣದಿದ್ದರೂ ಸಾರಿಗೆ ಹಾಕುವ ದಾಶಿ ಎಂಬ ರಸದಲ್ಲಿ ಇರುತ್ತದೆ. ಹಳ್ಳಿಗೆ ಪೋಸ್ಟಿಂಗ್ ಆದರೆ ಕಾರು ಬೇಕು, ಚಳಿಗಾಲದಲ್ಲಿ ಶಾಲೆಯ ಕಾರಿಡಾರಿನಲ್ಲಿ ಹಲ್ಲು ಕಟಕಟ ಅನ್ನುತ್ತದೆ, ಬ್ಯಾಂಕು, ಆಸ್ಪತ್ರೆ ಎಲ್ಲದಕ್ಕೂ ಜಪಾನಿ ಭಾಷೆ ಬೇಕು. ಇಷ್ಟೆಲ್ಲ ಇದ್ದೂ ದೀರ್ಘಕಾಲ ನೆಲೆಸುವ ಯೋಚನೆ ಇರುವವರಿಗೆ ನಾನು ಜಪಾನನ್ನೇ ಹೇಳುವುದು. ಇಲ್ಲಿ ದಾರಿ ಮುಂದಕ್ಕೆ ಹೋಗುತ್ತದೆ. ಡಿಪೆಂಡೆಂಟ್ ವೀಸಾದಲ್ಲಿ ಬಂದ ಗಂಡನೋ ಹೆಂಡತಿಯೋ ಅನುಮತಿ ಪಡೆದು ವಾರಕ್ಕೆ 28 ಗಂಟೆ ದುಡಿಯಬಹುದು, ಸಾಮಾನ್ಯವಾಗಿ ಹತ್ತು ವರ್ಷದ ವಾಸದ ಮೇಲೆ ಶಾಶ್ವತ ನಿವಾಸಕ್ಕೆ ಅರ್ಜಿ ಹಾಕಬಹುದು. ಗಲ್ಫಿನಲ್ಲಿ ಮೂವತ್ತು ವರ್ಷ ದುಡಿದ ಟೀಚರಿಗೂ ಕೆಲಸ ಹೋದರೆ ಹೆಚ್ಚಿನ ಕಡೆ ವೀಸಾವೂ ಹೋಯಿತು.

ಮಾಲ್ಡೀವ್ಸ್, ಭೂತಾನ್

ಮಾಲ್ಡೀವ್ಸಿನ ಶಾಲೆಗಳು ಇಂಗ್ಲಿಷ್ ಮಾಧ್ಯಮದವು, ಪರೀಕ್ಷೆ ಹೆಚ್ಚಾಗಿ ಕೇಂಬ್ರಿಜ್ ಮಂಡಳಿಯದು. ಭಾರತೀಯ ಟೀಚರುಗಳಿಲ್ಲದೆ ಅಲ್ಲಿನ ಶಾಲೆ ನಡೆಯುವುದು ಕಷ್ಟ. ಪೋಸ್ಟಿಂಗ್ ಆಗುವುದು ರೆಸಾರ್ಟಿನ ಫೋಟೋದಲ್ಲಿ ಕಾಣುವ ದ್ವೀಪಕ್ಕಲ್ಲ, ಕಾಲು ಗಂಟೆಯಲ್ಲಿ ಸುತ್ತಿ ಬರಬಹುದಾದ, ಎರಡು ಅಂಗಡಿ, ಒಂದು ಮಸೀದಿ, ಒಂದು ಶಾಲೆಯ ದ್ವೀಪಕ್ಕೆ. ಖರ್ಚಿಗೆ ದಾರಿಯೇ ಇಲ್ಲದ್ದರಿಂದ ದುಡ್ಡು ಉಳಿಯುತ್ತದೆ. ಆದರೆ ಸಂಬಳ ರುಫಿಯಾದಲ್ಲಿ, ಬ್ಯಾಂಕಿನಲ್ಲಿ ಡಾಲರಿಗೆ ಬರ. ಊರಿಗೆ ಕಳಿಸುವ ದಾರಿ ಏನು ಎಂದು ಅಲ್ಲಿರುವ ಟೀಚರುಗಳನ್ನೇ ಕೇಳಿ, ಏಜೆಂಟನನ್ನಲ್ಲ. ಪೂಜೆ ಪುನಸ್ಕಾರ ಕೋಣೆಯೊಳಗೆ ಸದ್ದಿಲ್ಲದೆ ಆಗಬೇಕು. ಭೂತಾನಿನಲ್ಲಿ ವೀಸಾ ಬೇಡ, ಹಣ ರೂಪಾಯಿಗೆ ಸಮ. ಆದರೆ ಅಲ್ಲಿ ಹೊರಗಿನವರನ್ನು ಕರೆಯುವುದು ಹೆಚ್ಚಾಗಿ ವಿಜ್ಞಾನ, ಗಣಿತಕ್ಕೆ.

ದೇಶ ಯಾವುದಾದರೂ, ಈ ಕಾಗದಗಳು

ನಮ್ಮವರ ಕೆಲಸ ಕೈತಪ್ಪುವುದು ಇಂಟರ್‌ವ್ಯೂನಲ್ಲಲ್ಲ, ಹೆಸರಿನಲ್ಲಿ. ಅಂಕಪಟ್ಟಿಯಲ್ಲಿ ಎರಡು ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅದೇ ಇನಿಷಿಯಲ್ ಬಿಡಿಸಿ ಊರು, ಅಪ್ಪನ ಹೆಸರು, ಮದುವೆಯಾದ ಮೇಲೆ ಆಧಾರಿನಲ್ಲಿ ಗಂಡನ ಹೆಸರು. ಹನೋಯಿಯ ಗುಮಾಸ್ತನಿಗೆ ಇವರು ಮೂರು ಬೇರೆ ಬೇರೆ ಹೆಂಗಸರು. ಎಲ್ಲವೂ ಒಬ್ಬರದೇ ಎಂಬ ಅಫಿಡವಿಟ್ ಮಾಡಿಸಿ, ಅದನ್ನೂ ದೃಢೀಕರಿಸಿಕೊಳ್ಳಿ. ಇನ್ನೊಂದು, ಕಾನ್ವೊಕೇಶನ್ ಸರ್ಟಿಫಿಕೇಟ್. ಊರಲ್ಲಿ ಕೆಲಸಕ್ಕೆ ಮಾರ್ಕ್ಸ್ ಕಾರ್ಡ್, ಪ್ರೊವಿಜನಲ್ ಸಾಕೆಂದು ಅದನ್ನು ತೆಗೆದುಕೊಳ್ಳದೇ ಬಿಟ್ಟವರಿದ್ದಾರೆ. ಹೊರದೇಶದವರಿಗೆ ಬೇಕಾದದ್ದು ಅದೊಂದೇ.

ಜಪಾನ್, ಒಮಾನ್, ಸೌದಿಗೆ ವಿದೇಶಾಂಗ ಇಲಾಖೆಯ ಅಪಾಸ್ಟಿಲ್ ಮುದ್ರೆ ಸಾಕು, ಅಂದರೆ ಕಾಗದ ಅಸಲಿ ಎಂದು ಒಂದು ಅಂತರರಾಷ್ಟ್ರೀಯ ಒಪ್ಪಂದದಡಿ ಒತ್ತುವ ಮುದ್ರೆ. ಯುಎಇ ಆ ಒಪ್ಪಂದದಲ್ಲಿಲ್ಲ, ಅಲ್ಲಿಗೆ ರಾಯಭಾರ ಕಚೇರಿಯ ದೃಢೀಕರಣವೂ ಬೇಕು. ಒಂದು ದೇಶಕ್ಕೆ ಮಾಡಿಸಿದ್ದು ಇನ್ನೊಂದಕ್ಕೆ ನಡೆಯುತ್ತದೆ ಅಂದುಕೊಳ್ಳಬೇಡಿ. ಈಗಿರುವ ದೇಶ ಬಿಡುವ ಮೊದಲು ಅಲ್ಲಿನ ಪೊಲೀಸ್ ಕ್ಲಿಯರೆನ್ಸ್, ಅನುಭವ ಪತ್ರ ಎರಡನ್ನೂ ಕೈಗೆ ತೆಗೆದುಕೊಂಡುಬಿಡಿ. ಊರಿಗೆ ಬಂದ ಮೇಲೆ ತರಿಸುವುದು ಹತ್ತು ಪಟ್ಟು ಕಷ್ಟ.

ಏಜೆಂಟರ ಮೂಲಕ ಹೋಗುವುದಾದರೆ ಭಾರತ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಅವರ ಹೆಸರಿದೆಯೇ ನೋಡಿ. ನೋಂದಾಯಿತ ಏಜೆಂಟ್ ಕಾನೂನಿನ ಪ್ರಕಾರ ತೆಗೆದುಕೊಳ್ಳಬಹುದಾದದ್ದು ಹೆಚ್ಚೆಂದರೆ 30,000 ರೂಪಾಯಿ ಮತ್ತು ಜಿಎಸ್‌ಟಿ. ಅದನ್ನೂ ರಸೀದಿ ಕೊಟ್ಟೇ ತೆಗೆದುಕೊಳ್ಳಬೇಕು.

ಮುಂದಿನ ವರ್ಷಕ್ಕೆ ನೋಡುತ್ತಿದ್ದರೆ ಜೆಟ್ ಅರ್ಜಿಯ ಕಾಲ ಅಕ್ಟೋಬರ್, ನವೆಂಬರ್. ಗಲ್ಫಿನ ಸಿಬಿಎಸ್‌ಇ ಶಾಲೆಗಳು ಇಂಟರ್‌ವ್ಯೂ ಮಾಡುವುದು ಹೆಚ್ಚಾಗಿ ಡಿಸೆಂಬರಿನಿಂದ ಮಾರ್ಚಿನೊಳಗೆ. ಥಾಯ್ಲೆಂಡಿಗೆ ಮಾರ್ಚ್, ಏಪ್ರಿಲ್. ವಿಯೆಟ್ನಾಮಿನ ಸೆಂಟರುಗಳು ವರ್ಷವಿಡೀ ಕರೆಯುತ್ತಿರುತ್ತವೆ, ಟೆಟ್ ಹಬ್ಬದ ಹಿಂದುಮುಂದಿನ ವಾರಗಳನ್ನು ಬಿಟ್ಟು.